ಮೈನಸ್ 1260 ಚದರಡಿ ಸೈಟು

ಹೋದ ವರ್ಷ ದೊಡ್ಡಪ್ಪ ಕೆಂಗೇರಿ ಆಚೆ ಒಂದು ಸೈಟು ನೋಡಿದರು. ಕಾಗದದಲ್ಲಿ 30 × 40. ಹೋಗಿ ನೋಡಿದರೆ ಒಂದು ಮೂಲೆ ಸ್ವಲ್ಪ ಹೊರಗೆ ಚಾಚಿಕೊಂಡಿದೆ. ಸರ್ವೇಯರ್‌ನ ಕರೆಸಿದೆವು. ಆತ ನಾಲ್ಕು ಮೂಲೆಗೂ ಗೂಟ ಹೊಡೆದ. ಮೊದಲ ಗೂಟದಿಂದ ಪೂರ್ವಕ್ಕೆ ಎಷ್ಟು ಅಡಿ, ಉತ್ತರಕ್ಕೆ ಎಷ್ಟು ಅಡಿ ಅಂತ ಒಂದೊಂದನ್ನೇ ಬರೆದುಕೊಂಡ: (0, 0), (0, 30), (44, 30), (40, 0). ಮೊಬೈಲಿನಲ್ಲೇ ಎಕ್ಸೆಲ್ ತೆಗೆದು ನಾಲ್ಕನ್ನೂ ತುಂಬಿದ. ಉತ್ತರ ಬಂತು: −1260.

"ಮೈನಸ್ಸಾ? ಹಂಗಾದ್ರೆ ದುಡ್ಡು ಅವರೇ ನಮಗೆ ಕೊಡ್ಬೇಕಾ?" ಅಂದರು ದೊಡ್ಡಪ್ಪ.

"ಉಲ್ಟಾ ಸುತ್ತಿಬಿಟ್ಟೆ ಸಾರ್" ಅಂತ ನಕ್ಕು ಆತ ಮೂಲೆಗಳ ಕ್ರಮ ತಿರುಗಿಸಿ ಹಾಕಿದ. 1260 ಬಂತು. ಎಲ್ಲರಿಗೂ ಸಮಾಧಾನ.

ನನಗೆ ಮಾತ್ರ ಆ ಮೈನಸ್ಸೇ ಇಷ್ಟವಾಗಿದ್ದು. ಆತ ಮಾಡಿದ್ದು ತಪ್ಪಲ್ಲ. ಮೊದಲು ಉತ್ತರಕ್ಕೆ ಹೋಗಿ, ಅಲ್ಲಿಂದ ಪೂರ್ವಕ್ಕೆ, ಆಮೇಲೆ ದಕ್ಷಿಣಕ್ಕೆ ಬಂದಿದ್ದ. ಅಂದರೆ ಸೈಟಿಗೆ ಪ್ರದಕ್ಷಿಣೆ ಹಾಕಿದ್ದ. ಗಣಿತದವರು ಅಪ್ರದಕ್ಷಿಣೆಯನ್ನು ಪ್ಲಸ್ ಅಂತ ಇಟ್ಟುಕೊಂಡಿದ್ದಾರೆ. ಯಾವ ಗುಡಿಯಲ್ಲೂ ಈ ಜನರನ್ನು ಒಳಗೆ ಬಿಡಬಾರದು, ಆ ಮಾತು ಬೇರೆ. ಗಮನಿಸಬೇಕಾದ್ದು ಇಷ್ಟು: ಆ ಲೆಕ್ಕಕ್ಕೆ ಸೈಟಿನ ಅಳತೆ ಮಾತ್ರ ಅಲ್ಲ, ಅದನ್ನು ಯಾವ ಕಡೆಯಿಂದ ಸುತ್ತಿದಿರಿ ಅನ್ನುವುದೂ ಗೊತ್ತು. ಬಾಣಕ್ಕೆ ದಿಕ್ಕು ಇದ್ದ ಹಾಗೆ ಜಾಗಕ್ಕೂ ಒಂದು ಸುತ್ತು ಇದೆ.

ಸುತ್ತು ಇರುವ ಈ ಜಾಗವನ್ನೂ ಒಂದು ಸಂಖ್ಯೆಯ ಹಾಗೆ ಕೂಡಬಹುದು, ಗುಣಿಸಬಹುದು, ಭಾಗಿಸಬಹುದು ಅಂತ ಒಪ್ಪಿಕೊಂಡರೆ ಹುಟ್ಟುವುದೇ ಜಿಯೊಮೆಟ್ರಿಕ್ ಆಲ್ಜೀಬ್ರಾ. ಅದರ ಮೇಲೆ ಕಲನಶಾಸ್ತ್ರ ಕಟ್ಟಿದರೆ ಜಿಯೊಮೆಟ್ರಿಕ್ ಕ್ಯಾಲ್ಕುಲಸ್, ಕನ್ನಡದಲ್ಲಿ ಜ್ಯಾಮಿತೀಯ ಕಲನ. ಹೆಸರು ಕೇಳಿ ಹೆದರಬೇಡಿ. ಬೇಕಾದ ಸಾಮಾನೆಲ್ಲ ಆ ಸೈಟಿನಲ್ಲೇ ಬಿದ್ದಿದೆ.

ಮೊದಲು ಗುಣಾಕಾರ. ಪೂರ್ವಕ್ಕೆ ಒಂದು ಅಡಿ ಹೋಗುವ ಬಾಣವನ್ನು 'ಪೂ' ಅನ್ನೋಣ. ಉತ್ತರಕ್ಕೆ ಒಂದು ಅಡಿ ಹೋಗುವುದು 'ಉ'. ಪಠ್ಯಪುಸ್ತಕದಲ್ಲಿ ಇಂಥ ಬಾಣಗಳನ್ನು ಸದಿಶ ಅಂತಾರೆ, ಕ್ಲಾಸಿನಲ್ಲಿ ಎಲ್ಲರೂ ವೆಕ್ಟರ್ ಅಂತಾರೆ. ನಮ್ಮ ನಿಯಮ ಒಂದೇ: ಯಾವ ಬಾಣವನ್ನಾದರೂ ಅದರಿಂದಲೇ ಗುಣಿಸಿದರೆ ಅದರ ಉದ್ದದ ವರ್ಗ ಬರಬೇಕು. ಹಾಗಾಗಿ ಪೂಪೂ = 1, ಉಉ = 1. ಕೂಡುವುದು, ಬಿಡಿಸುವುದು ಎಲ್ಲ ಹೈಸ್ಕೂಲಿನ ಬೀಜಗಣಿತದ ಹಾಗೇ. ಗುಣಿಸುವಾಗ ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದನ್ನು ಮಾತ್ರ ಸುಮ್ನೆ ಅದಲು ಬದಲು ಮಾಡುವ ಹಾಗಿಲ್ಲ.

ಈಗ ಮೇಸ್ತ್ರಿಗಳ ವಿದ್ಯೆ. ಪಾಯದ ಮೂಲೆ ನೇರ ಇದೆಯಾ ಅಂತ ನೋಡೋದಕ್ಕೆ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ನಡುವಿನ ದಾರ ಐದಡಿ ಬಂದರೆ ಮೂಲೆಮಟ್ಟ ಸರಿ ಅಂತಾರೆ. ಬೆಂಗಳೂರಿನ 30 × 40 ಸೈಟು ಅದರದೇ ಹತ್ತರಷ್ಟು, ಕರ್ಣ ಸರಿಯಾಗಿ 50 ಅಡಿ. ಆ ಕರ್ಣವನ್ನೇ ಬಾಣ ಮಾಡಿ, ಚಿಕ್ಕದಾಗಿ 3ಪೂ + 4ಉ ಅಂತ ಬರೆದು, ಅದರಿಂದಲೇ ಗುಣಿಸಿ:

(3ಪೂ + 4ಉ)(3ಪೂ + 4ಉ) = 9 + 12 ಪೂಉ + 12 ಉಪೂ + 16

ಉತ್ತರ 25 ಆಗಲೇಬೇಕು, ಯಾಕಂದರೆ ಉದ್ದ 5. ಆದರೆ 9 ಮತ್ತು 16 ಸೇರಿದರೇ 25 ಆಗಿಹೋಯಿತು. ನಡುವಿನ ಎರಡು ಸೇರಿ ಸೊನ್ನೆ ಆಗದೆ ಬೇರೆ ದಾರಿ ಇಲ್ಲ. ಹಾಗಾಗಿ ಪೂಉ = −ಉಪೂ.

ಮೈನಸ್ ಎಲ್ಲಿಂದ ಬಂತು ನೋಡಿದಿರಾ? ಯಾರೂ ಹೊರಗಿಂದ ತಂದು ಸೇರಿಸಿದ್ದಲ್ಲ. ಮೂಲೆಮಟ್ಟವೇ ಅದನ್ನು ಹುಟ್ಟಿಸಿತು. ಪೂಉ ಅಂದರೆ ಪೂರ್ವದಿಂದ ಉತ್ತರಕ್ಕೆ ಸುತ್ತುವ ಒಂದು ಚದರಡಿ. ಉಪೂ ಅಂದರೆ ಅದೇ ಚದರಡಿ, ಉಲ್ಟಾ ಸುತ್ತು. ಇದಕ್ಕೆ ಬೈವೆಕ್ಟರ್ ಅಂತ ಹೆಸರು. ದೊಡ್ಡಪ್ಪನ ಸೈಟಿನ ಮೈನಸ್ಸು ಇಲ್ಲಿಂದಲೇ ಬಂದಿದ್ದು.

ಬೇಕಾದರೆ ಎಕ್ಸೆಲ್ ಮಾಡಿದ ಲೆಕ್ಕವನ್ನೇ ಕೈಯಲ್ಲಿ ಮಾಡೋಣ. ಸರಿಯಾದ ಸುತ್ತಿನಲ್ಲಿ ಎರಡನೇ ಮೂಲೆ 40ಪೂ, ಮೂರನೆಯದು 44ಪೂ + 30ಉ. ಗುಣಿಸಿದರೆ 1760 + 1200 ಪೂಉ. ಮೊದಲ ಭಾಗ ಬರೀ ಸಂಖ್ಯೆ, ಎರಡು ಬಾಣಗಳು ಎಷ್ಟು ಒಂದೇ ದಿಕ್ಕಿಗಿವೆ ಅಂತ ಹೇಳುತ್ತೆ. ಎರಡನೇ ಭಾಗ ಆ ಎರಡರ ನಡುವೆ ಎಷ್ಟು ಜಾಗ ಇದೆ ಅಂತ ಹೇಳುತ್ತೆ. ಜಾಗದ ಭಾಗವನ್ನಷ್ಟೇ ಇಟ್ಟುಕೊಳ್ಳಿ: 1200. ಮೂರನೇ ಮೂಲೆಯಿಂದ ನಾಲ್ಕನೆಯದಕ್ಕೆ, ಅಂದರೆ 30ಉಗೆ, ಹೀಗೇ ಮಾಡಿದರೆ 44 × 30 = 1320. ಉಳಿದ ಎರಡು ಬದಿ ಮೊದಲ ಗೂಟಕ್ಕೇ ತಾಗಿರುವುದರಿಂದ ಸೊನ್ನೆ. ಕೂಡಿದರೆ 2520, ಅರ್ಧ ಮಾಡಿದರೆ 1260. ನಮ್ಮ ಸರ್ವೇಯರ್‌ಗೆ ತಾನು ಬೈವೆಕ್ಟರ್ ಕೂಡುತ್ತಿದ್ದೇನೆ ಅಂತ ಗೊತ್ತಿಲ್ಲ, ಅಷ್ಟೇ.

"ಸಂಖ್ಯೆಗೆ ಜಾಗ ಕೂಡೋದು ಹೆಂಗೆ? ಅಡಿಗೆ ಲೀಟರ್ ಕೂಡಿದಂಗೆ ಆಗಲ್ವಾ?" ಅಂತ ಕೇಳಬಹುದು. ದಿನಸಿ ಚೀಟಿಯಲ್ಲಿ ಎರಡು ಕೇಜಿ ಅಕ್ಕಿ, ಅರ್ಧ ಲೀಟರ್ ಎಣ್ಣೆ ಅಂತ ಬರೆಯಲ್ವಾ? ಎರಡೂ ಒಂದೇ ಚೀಲದಲ್ಲಿ ಬರುತ್ತವೆ, ಬೆರೆಯುವುದಿಲ್ಲ. ಇದೂ ಹಾಗೇ. ಜೊತೆಗೆ ಇಟ್ಟುಕೊಳ್ಳುವುದರಿಂದ ಒಂದು ದೊಡ್ಡ ಲಾಭ ಇದೆ: ಬಾಣದಿಂದ ಭಾಗಿಸಬಹುದು. 1760 ಒಂದನ್ನೇ ಕೊಟ್ಟರೆ ಎರಡನೇ ಬಾಣ ಯಾವುದು ಅಂತ ಹೇಳೋಕಾಗಲ್ಲ. 1200 ಒಂದನ್ನೇ ಕೊಟ್ಟರೂ ಆಗಲ್ಲ. ಎರಡನ್ನೂ ಕೊಟ್ಟರೆ 40ಪೂ ಇಂದ ಭಾಗಿಸಿ 44ಪೂ + 30ಉ ವಾಪಸ್ ಪಡೆಯಬಹುದು. ಕಾಲೇಜಿನಲ್ಲಿ ಇವನ್ನು ಡಾಟ್ ಪ್ರಾಡಕ್ಟ್, ಕ್ರಾಸ್ ಪ್ರಾಡಕ್ಟ್ ಅಂತ ಎರಡು ಬೇರೆ ಬೇರೆ ಪಾಠ ಮಾಡಿ, ವೆಕ್ಟರಿನಿಂದ ಭಾಗಿಸಬಾರದು ಅಂತ ಹೇಳಿಕೊಡ್ತಾರೆ. ಅಕ್ಕಿ, ಎಣ್ಣೆ ಬೇರೆ ಬೇರೆ ಅಂಗಡಿಯಲ್ಲಿ ಮಾರಿ, ಅಡುಗೆ ಮಾಡಬೇಡಿ ಅಂದ ಹಾಗೆ.

ಇನ್ನೊಂದು ವಿಷಯ. ಪೂಉ ಅನ್ನು ಅದರಿಂದಲೇ ಗುಣಿಸಿ: ಪೂಉಪೂಉ. ನಡುವಿನ ಎರಡನ್ನು ಅದಲು ಬದಲು ಮಾಡಿದರೆ ಒಂದು ಮೈನಸ್, ಉಳಿದಿದ್ದು ಪೂಪೂಉಉ, ಅಂದರೆ 1. ಒಟ್ಟು −1.

ಪಿಯುಸಿಯಲ್ಲಿ ಮೈನಸ್ ಒಂದರ ವರ್ಗಮೂಲಕ್ಕೆ 'ಐ' ಅಂತ ಹೆಸರಿಟ್ಟು, ಕಾಲ್ಪನಿಕ ಸಂಖ್ಯೆ ಅಂದುಬಿಟ್ಟರು. ಕಾಲ್ಪನಿಕ ಯಾಕೆ? ಒಂದು ಚದರಡಿ ನೆಲವೇ ಅದು. ಪೂ ಅನ್ನು ಬಲಗಡೆಯಿಂದ ಪೂಉ ಇಂದ ಗುಣಿಸಿ, ಉ ಬರುತ್ತೆ. ಇನ್ನೊಮ್ಮೆ ಗುಣಿಸಿ, −ಪೂ ಬರುತ್ತೆ. ಪೂರ್ವಕ್ಕೆ ಮುಖ ಮಾಡಿ ನಿಂತವರು ಎಡಕ್ಕೆ ತಿರುಗಿ ಉತ್ತರ ನೋಡಿದರು, ಇನ್ನೊಮ್ಮೆ ಎಡಕ್ಕೆ ತಿರುಗಿ ಪಶ್ಚಿಮ ನೋಡಿದರು. ಎರಡು ಸಲ ಎಡಕ್ಕೆ ತಿರುಗಿದರೆ ಬೆನ್ನು ತಿರುಗುತ್ತೆ. ಮೈನಸ್ ಒಂದು ಅಂದರೆ ಅದೇ.

ಮೇಲಕ್ಕೆ ಹೋಗುವ ಬಾಣವನ್ನೂ ಸೇರಿಸೋಣ, 'ಮೇ'. ಈಗ ಏನೇನು ಸಿಗುತ್ತೆ? ಬರೀ ಸಂಖ್ಯೆ ಒಂದು. ಬಾಣ ಮೂರು: ಪೂ, ಉ, ಮೇ. ಜಾಗ ಮೂರು: ಪೂಉ, ಉಮೇ, ಮೇಪೂ. ಗಾತ್ರ ಒಂದು: ಪೂಉಮೇ. ಒಟ್ಟು ಎಂಟು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಈ ಎಂಟು ಎಲ್ಲೋ ನೋಡಿದ ಹಾಗಿದೆ ಅನ್ನಿಸಬೇಕು. ಯಮಾತಾರಾಜಭಾನಸಲಗಂ! ಮೂರು ಅಕ್ಷರ, ಪ್ರತಿಯೊಂದೂ ಲಘು ಇಲ್ಲವೇ ಗುರು, ಎಂಟು ಗಣ. ಬಾಣ ಇಲ್ಲದಿದ್ದರೆ ಲಘು, ಇದ್ದರೆ ಗುರು ಅಂದುಕೊಳ್ಳಿ. ಮೂರೂ ಲಘುವಾದ ನಗಣ ಬರೀ ಸಂಖ್ಯೆ. ಒಂದೇ ಗುರು ಇರುವ ಭ, ಜ, ಸ ಗಣಗಳು ಮೂರು ಬಾಣಗಳು. ಎರಡು ಗುರು ಇರುವ ತ, ರ, ಯ ಗಣಗಳು ಮೂರು ಜಾಗಗಳು. ಮಗಣ ಗಾತ್ರ. 1, 3, 3, 1. ಪಿಂಗಳನ ಛಂದಸ್ಸಿಗೆ ವ್ಯಾಖ್ಯಾನ ಬರೆದ ಹಲಾಯುಧ 10ನೇ ಶತಮಾನದಲ್ಲಿ ವಿವರಿಸಿದ ಮೇರು ಪ್ರಸ್ತಾರದ (ಶಾಲೆಯಲ್ಲಿ ಪಾಸ್ಕಲ್ ತ್ರಿಕೋನ ಅಂತಾರಲ್ಲ, ಅದೇ) ಸಾಲು ಇದು. ಹಾಗಂತ ನಮ್ಮವರು ಆಗಲೇ ಇದನ್ನೆಲ್ಲ ಕಂಡುಹಿಡಿದಿದ್ದರು ಅಂತ ಯಾರೂ ಫಾರ್ವರ್ಡ್ ಮಾಡಬೇಡಿ. ಎಣಿಕೆ ಒಂದೇ. ಗುಣಾಕಾರ ಅವರದಲ್ಲ.

ಗುಣಾಕಾರ ಬಂದಿದ್ದು ಮೂರು ಜನರಿಂದ. 1843ರ ಅಕ್ಟೋಬರ್ 16ರಂದು ಡಬ್ಲಿನ್ ಊರಿನ ಕಾಲುವೆ ಪಕ್ಕ ಹೆಂಡತಿ ಜೊತೆ ನಡೆಯುತ್ತಿದ್ದ ಗಣಿತಜ್ಞ ಹ್ಯಾಮಿಲ್ಟನ್‌ಗೆ ಕ್ವಾಟರ್ನಿಯನ್ ಎಂಬ ನಾಲ್ಕು ಭಾಗದ ಸಂಖ್ಯೆ ಹೊಳೆಯಿತು. ಸೇತುವೆ ಕಲ್ಲಿನ ಮೇಲೇ ಸೂತ್ರ ಕೆತ್ತಿದ. ಮರುವರ್ಷ, 1844ರಲ್ಲಿ, ಸ್ಟೆಟಿನ್ ಊರಿನ ಹರ್ಮನ್ ಗ್ರಾಸ್‌ಮನ್ ಎಂಬ ಶಾಲಾ ಮೇಷ್ಟ್ರು ಬಾಣ, ಜಾಗ, ಗಾತ್ರ ಎಲ್ಲವನ್ನೂ ಗುಣಿಸುವ ಬೀಜಗಣಿತವನ್ನು ಪುಸ್ತಕ ಮಾಡಿದರು. ಯಾರೂ ಓದಲಿಲ್ಲ. ಮಾರದೆ ಉಳಿದ ಪ್ರತಿಗಳನ್ನು ಪ್ರಕಾಶಕರು ಕೊನೆಗೆ ರದ್ದಿಗೆ ಹಾಕಿದರು. ಮೇಷ್ಟ್ರು ಬೇಜಾರಾಗಿ ಸಂಸ್ಕೃತದ ಕಡೆ ತಿರುಗಿದರು. ಋಗ್ವೇದಕ್ಕೆ ಅವರು ಮಾಡಿದ ಪದಕೋಶ 1873ರಿಂದ 75ರ ನಡುವೆ ಬಂತು, ಈಗಲೂ ವಿದ್ವಾಂಸರು ಅದನ್ನು ತೆಗೆದು ನೋಡುತ್ತಾರೆ. ಗಣಿತ ಬಿಟ್ಟು ವೇದಕ್ಕೆ ಹೋಗಿ ಹೆಸರು ಮಾಡಿದ ಜರ್ಮನ್ ಮೇಷ್ಟ್ರು! ಅವರು 1877ರಲ್ಲಿ ತೀರಿಕೊಂಡರು. ಮುಂದಿನ ವರ್ಷವೇ ಇಂಗ್ಲೆಂಡಿನ ವಿಲಿಯಂ ಕ್ಲಿಫರ್ಡ್ ಹ್ಯಾಮಿಲ್ಟನ್, ಗ್ರಾಸ್‌ಮನ್ ಇಬ್ಬರದ್ದನ್ನೂ ಜೋಡಿಸಿ, ನಾವೀಗ ಮಾಡಿದ ಗುಣಾಕಾರ ಕೊಟ್ಟ. 1879ರಲ್ಲಿ ಕ್ಷಯ ಬಂದು ಅವನೂ ಹೋದ. ವಯಸ್ಸು 33.

ಮುಂದೆ ತಳ್ಳುವವರು ಯಾರೂ ಉಳಿಯಲಿಲ್ಲ. ಅದೇ ಹೊತ್ತಿಗೆ ಅಮೆರಿಕದ ಗಿಬ್ಸ್, ಇಂಗ್ಲೆಂಡಿನ ಹೆವಿಸೈಡ್ ಸುಲಭವಾದ ವೆಕ್ಟರ್ ಪಾಠ ಕಟ್ಟಿದರು. ಗೆದ್ದಿದ್ದು ಅದು. ನಾನು ಇಂಜಿನಿಯರಿಂಗ್ ಓದುವಾಗ ಕಲಿತಿದ್ದೂ ಅದನ್ನೇ. ಎರಡು ಬಾಣ ಗುಣಿಸಿದರೆ ಮೂರನೇ ಬಾಣ ಲಂಬವಾಗಿ ಎದ್ದು ನಿಲ್ಲುತ್ತೆ, ಯಾವ ಕಡೆಗೆ ಅಂತ ಬಲಗೈ ಹೆಬ್ಬೆರಳು ಹೇಳುತ್ತೆ. ಬಲಗೈಯೇ ಯಾಕೆ ಸಾರ್ ಅಂತ ಕೇಳಿದೆ. "ಎಕ್ಸಾಮಿಗೆ ಬರುತ್ತೆ, ಬರ್ಕೊ" ಅಂದರು ನಮ್ಮ ಲೆಕ್ಚರರ್. ಪರೀಕ್ಷೆ ಹಾಲ್‌ನಲ್ಲಿ ಅರವತ್ತು ಜನ ಹೆಬ್ಬೆರಳು ಎತ್ತಿಕೊಂಡು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಹೆಬ್ಬೆರಳಿನ ಬಾಣದಲ್ಲಿ ಒಂದು ಐಬಿದೆ. ಮನೆಯಲ್ಲೇ ನೋಡಬಹುದು. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಪಕ್ಕ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಗ್ರೈಂಡರ್ ಎಡಕ್ಕೆ ಸುತ್ತುತ್ತಿದ್ದರೆ ಕನ್ನಡಿಯಲ್ಲಿ ಬಲಕ್ಕೆ ಸುತ್ತುತ್ತೆ. ಹೆಬ್ಬೆರಳಿನ ಪ್ರಕಾರ ನಿಜವಾದ ಗ್ರೈಂಡರ್‌ನ ಬಾಣ ಮೇಲಕ್ಕೆ, ಕನ್ನಡಿಯೊಳಗಿನದರ ಬಾಣ ಕೆಳಕ್ಕೆ. ಆದರೆ ನೆಟ್ಟಗೆ ನಿಂತ ಕನ್ನಡಿ ಯಾವ ಬಾಣವನ್ನೂ ಮೇಲೆ ಕೆಳಗೆ ಮಾಡುವುದಿಲ್ಲ! ಪಕ್ಕದಲ್ಲಿ ನಿಲ್ಲಿಸಿದ ಸೌಟು ಕನ್ನಡಿಯಲ್ಲೂ ನೆಟ್ಟಗೇ ನಿಂತಿರುತ್ತೆ. ಅಂದರೆ ಸುತ್ತುವಿಕೆ ಬಾಣವೇ ಅಲ್ಲ. ಅದು ಸುತ್ತು ಇರುವ ಜಾಗ, ಪೂಉ. ಹಾಗೆ ನೋಡಿದರೆ ಯಾವ ಗೊಂದಲವೂ ಇಲ್ಲ, ಕನ್ನಡಿಯಲ್ಲಿ ಅದು ಉಪೂ. ಜೊತೆಗೆ ಹೆಬ್ಬೆರಳಿನ ಬಾಣಕ್ಕೆ ಮೂರನೇ ದಿಕ್ಕು ಬೇಕೇ ಬೇಕು. ನೆಲ ಬಿಟ್ಟು ಏಳದ ಇರುವೆಗೆ ಆ ಬಾಣ ಎಲ್ಲಿಗೆ ಹೋಯಿತು ಅಂತಲೇ ತಿಳಿಯಲ್ಲ. ಆದರೆ ಗ್ರೈಂಡರ್ ಸುತ್ತುವುದು ಇರುವೆಗೂ ಗೊತ್ತಾಗುತ್ತೆ.

ಇನ್ನು ಕಲನಕ್ಕೆ ಬರೋಣ. ಕ್ರಯಪತ್ರದಲ್ಲಿ ಸೈಟಿನ ಚಕ್ಕುಬಂದಿ ಬರೆಯುತ್ತಾರೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು, ಹೀಗೆ. ಒಳಗಿನ ಒಂದೊಂದು ಅಡಿ ನೆಲವನ್ನೂ ವಿವರಿಸಲ್ಲ. ಅಂಚು ಹೇಳಿದರೆ ಒಳಗಿನದು ಹೇಳಿದ ಹಾಗೇ. ನಮ್ಮ ಸರ್ವೇಯರ್ ಮಾಡಿದ್ದೂ ಅದೇ. ಸೈಟಿನ ಒಳಗೆ ಕಾಲೇ ಇಡದೆ, ಅಂಚಿನಲ್ಲಿ ಸುತ್ತಿ, ಒಳಗೆಷ್ಟಿದೆ ಅಂತ ಹೇಳಿದ. ಕಲನಶಾಸ್ತ್ರದ ದೊಡ್ಡ ದೊಡ್ಡ ಪ್ರಮೇಯಗಳೆಲ್ಲ ಇದೇ ಚಕ್ಕುಬಂದಿ ಲೆಕ್ಕ.

ಒಂದೇ ಗೆರೆ ಇದ್ದರೆ ಅಂಚು ಅಂದರೆ ಎರಡು ತುದಿ. ಕರೆಂಟ್ ಮೀಟರ್ ನೋಡುವವರು ತಿಂಗಳೆಲ್ಲ ನಿಮ್ಮ ಮನೆಯಲ್ಲಿ ಕೂರಲ್ಲ. ಈ ತಿಂಗಳ ರೀಡಿಂಗ್‌ನಿಂದ ಹೋದ ತಿಂಗಳದ್ದು ಕಳೆಯುತ್ತಾರೆ. ನಡುವೆ ನೀವು ಗೀಸರ್ ಹಾಕಿದ್ದು, ಫ್ಯಾನ್ ಮರೆತಿದ್ದು ಎಲ್ಲ ಅದರಲ್ಲೇ ಬಂತು. ನೆಲದ ಮೇಲೆ ಇದೇ ಮಾತು ಗ್ರೀನ್ ಪ್ರಮೇಯ, ನಾಟಿಂಗ್‌ಹ್ಯಾಮ್‌ನ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದ ಜಾರ್ಜ್ ಗ್ರೀನ್ ಹೆಸರಿನದು. ಬಾಗಿದ ಮೇಲ್ಮೈ ಆದರೆ ಸ್ಟೋಕ್ಸ್ ಪ್ರಮೇಯ. ಸಂಪಿನ ಒಳಗೆ ನೀರು ಎಷ್ಟು ಹೆಚ್ಚಾಯಿತು ಅಂತ ಅದರ ಗೋಡೆಯಲ್ಲಿ ಒಳಬಂದ, ಹೊರಹೋದ ನೀರಿನಿಂದ ಹೇಳಿದರೆ ಗೌಸ್ ಪ್ರಮೇಯ. ಇಂಜಿನಿಯರಿಂಗ್‌ನಲ್ಲಿ ಇವನ್ನೆಲ್ಲ ಬೇರೆ ಬೇರೆ ಉರು ಹೊಡೆದಿದ್ದೆವು. ಐ ಬರುವ ಫಂಕ್ಷನ್‌ಗಳಿಗೆ ಕೋಶಿ ಪ್ರಮೇಯ ಅಂತ ಇನ್ನೊಂದು, ಅದಕ್ಕೆ ಬೇರೆಯೇ ಅಧ್ಯಾಯ.

ಜ್ಯಾಮಿತೀಯ ಕಲನದಲ್ಲಿ ಇವೆಲ್ಲ ಒಂದೇ ಸಾಲು. ಹೇಗೆ ಅಂದರೆ, ಎಲ್ಲ ದಿಕ್ಕಿನ ಬದಲಾವಣೆಯನ್ನೂ ಒಟ್ಟಿಗೆ ಹಿಡಿಯುವ 'ಡೆಲ್' ಅನ್ನು ಇಲ್ಲಿ ನಿಜವಾದ ಬಾಣ ಅಂತಲೇ ನಡೆಸಿಕೊಳ್ಳುತ್ತಾರೆ. ಬಾಣವನ್ನು ಬಾಣದಿಂದ ಗುಣಿಸಿದರೆ ಏನಾಗುತ್ತೆ ಅಂತ ಆಗಲೇ ನೋಡಿದೆವು: ಒಂದು ಸಂಖ್ಯೆ, ಒಂದು ಜಾಗ. ಹರಿಯುವ ನೀರಿನ ಮೇಲೆ ಡೆಲ್ ಗುಣಿಸಿದರೆ ಸಂಖ್ಯೆಯ ಭಾಗ ನೀರು ಎಲ್ಲಿ ಉಕ್ಕುತ್ತಿದೆ ಅನ್ನುತ್ತೆ, ಜಾಗದ ಭಾಗ ಎಲ್ಲಿ ಸುಳಿ ಇದೆ ಅನ್ನುತ್ತೆ. ಡೈವರ್ಜೆನ್ಸ್, ಕರ್ಲ್ ಅಂತ ಎರಡು ಮಾರ್ಕಿನ ಪ್ರಶ್ನೆಯಾಗಿ ಬರುತ್ತಿದ್ದವು ಇವೇ. ಅಕ್ಕಿ, ಎಣ್ಣೆ ಮತ್ತೆ ಒಂದೇ ಚೀಲಕ್ಕೆ ಬಂತು. ಆಮೇಲೆ ಪ್ರಮೇಯ ಇಷ್ಟೇ: ಡೆಲ್ ಕಂಡ ಬದಲಾವಣೆಯನ್ನು ಒಳಗೆಲ್ಲ ಕೂಡಿದರೆ, ಅಂಚಿನಲ್ಲಿ ಸುತ್ತಿ ಕೂಡಿದ್ದಕ್ಕೆ ಸಮ. ಕೂಡುವಾಗ ಪ್ರತಿ ತುಂಡಿನ ಸುತ್ತನ್ನೂ ಸೇರಿಸಿ ಗುಣಿಸಬೇಕು. ಗೆರೆಗೆ ಹಾಕಿದರೆ ಮೀಟರ್ ಲೆಕ್ಕ, ನೆಲಕ್ಕೆ ಹಾಕಿದರೆ ಗ್ರೀನ್, ಗಾತ್ರಕ್ಕೆ ಹಾಕಿದರೆ ಗೌಸ್. ಡೆಲ್ ಸೊನ್ನೆ ಆಗುವ ಫಂಕ್ಷನ್ ಆದರೆ ಕೋಶಿ. ಬಾಣದಿಂದ ಭಾಗಿಸಲು ಬಂದ ಹಾಗೆ ಡೆಲ್ ಅನ್ನೂ ಹಿಂದಕ್ಕೆ ತಿರುಗಿಸಬಹುದು. ಅಂಚಿನಲ್ಲಿ ಏನಿದೆ ಅಂತ ಗೊತ್ತಿದ್ದು, ಒಳಗೆ ಡೆಲ್ ಏನು ಕಾಣುತ್ತೆ ಅಂತಲೂ ಗೊತ್ತಿದ್ದರೆ, ಒಳಗಿನ ಯಾವ ಬಿಂದುವಿನಲ್ಲಾದರೂ ಏನಿದೆ ಅಂತ ಲೆಕ್ಕ ಹಾಕಬಹುದು. ಚಕ್ಕುಬಂದಿಯೂ ಅಷ್ಟು ಹೇಳಲ್ಲ.

ಕ್ಲಿಫರ್ಡ್‌ನ ಗುಣಾಕಾರವನ್ನು ಮತ್ತೆ ಎತ್ತಿ ಹೀಗೆ ಕಲನದವರೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ಭೌತವಿಜ್ಞಾನಿ ಡೇವಿಡ್ ಹೆಸ್ಟೆನೆಸ್. 1966ರಲ್ಲಿ ಮೊದಲ ಪುಸ್ತಕ, 1984ರಲ್ಲಿ ಗ್ಯಾರೆಟ್ ಸೋಬ್ಚಿಕ್ ಜೊತೆ ದೊಡ್ಡದು. ಅವರು ಭೌತಶಾಸ್ತ್ರದಿಂದ ಬಂದವರು ಅನ್ನುವುದು ಆಕಸ್ಮಿಕ ಅಲ್ಲ. ಗಣಿತದವರು ಮರೆತಿದ್ದ ಈ ಗುಣಾಕಾರ ಭೌತಶಾಸ್ತ್ರದಲ್ಲಿ ವೇಷ ಮರೆಸಿಕೊಂಡು ಓಡಾಡುತ್ತಿತ್ತು. 1927ರಲ್ಲಿ ಪೌಲಿ ಎಲೆಕ್ಟ್ರಾನಿನ ಸ್ಪಿನ್‌ಗೆ ಅಂತ ಮೂರು ಮ್ಯಾಟ್ರಿಕ್ಸ್ ಬರೆದ. ಪ್ರತಿಯೊಂದರ ವರ್ಗ 1, ಎರಡನ್ನು ಅದಲು ಬದಲು ಮಾಡಿದರೆ ಮೈನಸ್. ನಮ್ಮ ಪೂ, ಉ, ಮೇಗಳೇ! ಮರುವರ್ಷ ಡಿರಾಕ್ ಬರೆದ ನಾಲ್ಕು ಮ್ಯಾಟ್ರಿಕ್ಸ್‌ಗಳೂ ಇದೇ ಜಾತಿ, ಕಾಲವನ್ನೂ ಒಂದು ದಿಕ್ಕು ಅಂತ ಸೇರಿಸಿಕೊಂಡದ್ದು.

ಕಾಲ ಸೇರಿದರೆ ಮೇರು ಪ್ರಸ್ತಾರದ ಮುಂದಿನ ಸಾಲು: 1, 4, 6, 4, 1. ನಡುವಿನ ಆರು ಜಾಗಗಳನ್ನು ನೋಡಿ. ಮೂರರಲ್ಲಿ ಕಾಲ ಒಂದು ಬದಿ, ಉಳಿದ ಮೂರರಲ್ಲಿ ಕಾಲವೇ ಇಲ್ಲ. ಮೊದಲ ಮೂರು ವಿದ್ಯುತ್ ಕ್ಷೇತ್ರ, ಉಳಿದ ಮೂರು ಕಾಂತಕ್ಷೇತ್ರ. ಎರಡೂ ಸೇರಿ ಒಂದೇ ವಸ್ತು. ಕಾಂತಕ್ಷೇತ್ರಕ್ಕೆ ಹೆಬ್ಬೆರಳು ಎತ್ತಬೇಕಾಗಿದ್ದು ಯಾಕೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿ. ಅದೂ ಗ್ರೈಂಡರ್ ಹಾಗೆ ಸುತ್ತು, ಬಾಣ ಅಲ್ಲ. ಮ್ಯಾಕ್ಸ್‌ವೆಲ್ 1865ರಲ್ಲಿ ತನ್ನ ಸಿದ್ಧಾಂತವನ್ನು 20 ಸಮೀಕರಣಗಳಲ್ಲಿ ಬರೆದಿದ್ದ. ಹೆವಿಸೈಡ್ ಅದನ್ನು ನಾಲ್ಕಕ್ಕೆ ಇಳಿಸಿದ. ಇಲ್ಲಿ ಒಂದೇ: ಡೆಲ್ ಅನ್ನು ಆ ಕ್ಷೇತ್ರದಿಂದ ಗುಣಿಸಿದರೆ ವಿದ್ಯುತ್ ಪ್ರವಾಹ ಬರುತ್ತೆ. ಅಂದ ಹಾಗೆ, ಸ್ಟೋಕ್ಸ್ ತನ್ನ ಹೆಸರಿನ ಪ್ರಮೇಯವನ್ನು 1854ರಲ್ಲಿ ಕೇಂಬ್ರಿಡ್ಜ್‌ನ ಬಹುಮಾನದ ಪರೀಕ್ಷೆಗೆ ಪ್ರಶ್ನೆಯಾಗಿ ಕೊಟ್ಟಿದ್ದ. ಆ ಪರೀಕ್ಷೆ ಬರೆದವರಲ್ಲಿ ಮ್ಯಾಕ್ಸ್‌ವೆಲ್ ಕೂಡ ಒಬ್ಬ. ಎಕ್ಸಾಮಿಗೆ ಬರುತ್ತೆ ಅಂದಿದ್ದು ಪೂರ್ತಿ ಸುಳ್ಳೇನಲ್ಲ.

ಈ ಒಂದು ಸಾಲಿನ ಸಮೀಕರಣವನ್ನು ಟೀ ಶರ್ಟಿನ ಮೇಲೆ ಹಾಕಿಕೊಂಡು ಕುಣಿಯುವವರಿದ್ದಾರೆ. ನನಗೆ ಅಷ್ಟು ಉತ್ಸಾಹ ಇಲ್ಲ. ಬೆಡ್‌ಶೀಟ್ ಮಡಿಸಿದರೆ ಚಿಕ್ಕದಾಗುತ್ತೆ, ಹಾಸುವಾಗ ಬಿಡಿಸಲೇಬೇಕು. ನಿಜವಾದ ಲೆಕ್ಕಕ್ಕೆ ಕೂತರೆ ಎಂಟು ಬಿಡಿ ಸಮೀಕರಣ ಹೊರಗೆ ಬಂದೇ ಬರುತ್ತೆ. ಹೊಸ ಭೌತಶಾಸ್ತ್ರವೇನೂ ಇದರಿಂದ ಹುಟ್ಟಿಲ್ಲ. ಚಕ್ಕುಬಂದಿ ಪ್ರಮೇಯವನ್ನು ಒಂದೇ ಸಾಲಿಗೆ ತರುವ ಕೆಲಸವನ್ನು ಎಲಿ ಕಾರ್ಟಾನ್‌ನ ಡಿಫರೆನ್ಶಿಯಲ್ ಫಾರ್ಮ್‌ಗಳೂ ಮಾಡುತ್ತವೆ, ಗಣಿತದವರಲ್ಲಿ ಜಾಸ್ತಿ ಜನ ಬಳಸುವುದು ಅದನ್ನೇ. ಆದರೆ ಅಲ್ಲಿ ಬಾಣದಿಂದ ಭಾಗಿಸಲು ಬರಲ್ಲ. ನನ್ನ ಓಟು ಇದಕ್ಕೆ ಬೀಳುವುದು ಆ ಭಾಗಾಕಾರಕ್ಕಾಗಿ.

ಮತ್ತೆ ತಿರುಗಿಸುವುದಕ್ಕಾಗಿ. ಸಲೂನಿನಲ್ಲಿ ಕೂತಾಗ ಹಿಂದಿನ ಕನ್ನಡಿ ಮುಂದಿನ ಕನ್ನಡಿಯಲ್ಲಿ ಕಾಣುತ್ತಲ್ಲ, ಅಲ್ಲಿ ಎಡ ಬಲ ಮತ್ತೆ ಸರಿಯಾಗಿರುತ್ತೆ. ಎರಡು ಪ್ರತಿಬಿಂಬ ಸೇರಿದರೆ ಒಂದು ತಿರುಗುವಿಕೆ. ಕನ್ನಡಿಗಳ ನಡುವಿನ ಕೋನ 45 ಡಿಗ್ರಿ ಇದ್ದರೆ ತಿರುಗುವುದು 90, ಯಾವಾಗಲೂ ಎರಡರಷ್ಟು. ಈ ಬೀಜಗಣಿತದಲ್ಲಿ ಎರಡು ಕನ್ನಡಿಗಳ ಬಾಣಗಳನ್ನು ಗುಣಿಸಿದರೆ ಸಾಕು, ತಿರುಗಿಸುವ ಯಂತ್ರ ಸಿದ್ಧ. ಅದಕ್ಕೆ ರೋಟರ್ ಅಂತ ಹೆಸರು. ಹ್ಯಾಮಿಲ್ಟನ್ ಕಲ್ಲಿನ ಮೇಲೆ ಕೆತ್ತಿದ ಕ್ವಾಟರ್ನಿಯನ್ ಅಂದರೆ ಮೂರು ದಿಕ್ಕಿನ ರೋಟರ್. ವಿಡಿಯೋ ಗೇಮಿನಲ್ಲಿ ಕಾರು ಪಲ್ಟಿ ಹೊಡೆಯುವಾಗ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಅಂತ ಲೆಕ್ಕ ಇಡುವಾಗ ಬಳಸುವುದು ಅದನ್ನೇ. ಎರಡರಷ್ಟು ಆಗುವುದರಿಂದ ಇನ್ನೊಂದು ವಿಚಿತ್ರ: 360 ಡಿಗ್ರಿ ತಿರುಗಿದರೆ ವಸ್ತು ಮೊದಲಿದ್ದಲ್ಲಿಗೇ ಬರುತ್ತೆ, ರೋಟರ್ ಮಾತ್ರ −1 ಆಗಿರುತ್ತೆ. 720 ಡಿಗ್ರಿ ಆದ ಮೇಲೆ ಅದು ಮನೆಗೆ ಬರುವುದು. ಎಲೆಕ್ಟ್ರಾನ್ ಕೂಡ ಹೀಗೇ ನಡೆದುಕೊಳ್ಳುತ್ತೆ.

ಪೆನ್ನು ಕೈಯಲ್ಲಿದ್ದರೆ ಒಂದು ಲೆಕ್ಕ ಮಾಡಿ ನೋಡಿ. ಪೂಉಮೇ ಅನ್ನು ಅದರಿಂದಲೇ ಗುಣಿಸಿ, ಒಂದೇ ಹೆಸರಿನವು ಅಕ್ಕಪಕ್ಕ ಬರುವವರೆಗೆ ಜಾಗ ಬದಲಾಯಿಸಿ, ಪ್ರತಿ ಬದಲಾವಣೆಗೂ ಒಂದು ಮೈನಸ್ ಹಾಕಿ. ಮೂರು ಮೈನಸ್ ಬರುತ್ತೆ. ದೊಡ್ಡಪ್ಪನಿಗೆ ಇದನ್ನೂ ತೋರಿಸಿದೆ. "ಮೂರು ಸಲ ಮೈನಸ್ಸಾದ್ರೂ ಕೊನೆಗೆ ಒಂದೇ ಮೈನಸ್ಸಾ?" ಅಂತ ಕೇಳಿ, ಕ್ರಯಪತ್ರದ ಚಕ್ಕುಬಂದಿಯನ್ನು ಇನ್ನೊಂದು ಸಲ ಓದಲು ಕೂತರು.